ಹತ್ತನೆಯ ಸಾಲು

ಹಾಲಮ್ಮ ಮೊದಲ ಸಲ ಪ್ರೆಸ್ಸಿಗೆ ಬಂದಾಗ
ಹುಬ್ಬಿನ ಮೇಲೆ ಜೋಳದ ಹಿಟ್ಟಿತ್ತು.
ಗಿರಣಿ ಬೆಲ್ಟು ಹರಿದಿದೆ, ಬೇಗ ಹೋಗಬೇಕು ಅಂದಳು.
ಕೈಯಲ್ಲಿ ಮಗಳ ನೋಟ್‌ಬುಕ್ಕಿನ ಹಾಳೆ,
ವಾರ್ಡಿನ ನೋವೆಲ್ಲ ಪೆನ್ಸಿಲ್ಲಿನಲ್ಲಿ.

ಪಕ್ಷೇತರ. ಚಿಹ್ನೆ ಸೀಲಿಂಗ್ ಫ್ಯಾನು.
"ಗಾಳಿನಾದ್ರೂ ಬರ್ತೈತೆ ಬಿಡ್ರಿ" ಎಂದು ನಕ್ಕಳು.
ಮೂರು ರೆಕ್ಕೆ ಹುಡುಕಿ ಮೂಲೆಗೆ ಕೂರಿಸಿದೆ.

ಹಂದಿಗಳ ಸಾಲು ಸಲೀಸಾಗಿ ಟೈಪಾಯಿತು:
ಹಂದಿ ಓಟು ಹಾಕುವುದಿಲ್ಲ,
ಸಾಕಿದವರು ಬೇರೆ ವಾರ್ಡಿನವರು.
ಎಂಟು ದಿನಕ್ಕೊಮ್ಮೆ ರಾತ್ರಿ ಎರಡಕ್ಕೆ ಬರುವ ನೀರು;
ನೀರು ಬಿಡುವವನ ಹೆಸರು ಹಾಕಲೇ ಎಂದೆ.
"ಬ್ಯಾಡ. ಅವನಿಗೂ ಕೀಲಿ ಇನ್ನೊಬ್ಬ ಕೊಡ್ತಾನೆ."
ಗಣಪತಿ ಮುಳುಗಿ ತಿಂಗಳಾದರೂ ಮುಳುಗದ ಡಿಜೆ,
ಮೂರನೇ ಕ್ರಾಸಿನ ಕುರುಡು ಕಂಬ,
ಹೀಗೆ ಒಂಬತ್ತು. ಹತ್ತನೆಯದು ಹೊಗೆ.

"ಮಂಡಕ್ಕಿ ಭಟ್ಟಿಗಳ ಹೊಗೆ ನಿಲ್ಲಿಸುತ್ತೇನೆ."
ಪ್ರೂಫು ಮಡಚಿಕೊಂಡು ಹೋದಳು.

ಮರುದಿನ ಸೆರಗಲ್ಲಿ ಒಂದು ಸೇರು ಮಂಡಕ್ಕಿ, ಇನ್ನೂ ಬಿಸಿ.
ಭಟ್ಟಿಯ ಜಬೀನಾ ಕೊಟ್ಟಳಂತೆ, ದುಡ್ಡು ಮುಟ್ಟಲಿಲ್ಲವಂತೆ.
"ಕಾದ ಉಸುಕಲ್ಲಿ ಇಪ್ಪತ್ತು ವರ್ಷ ಕೈಯಾಡಿಸಿದಾಳೆ.
ಬೆರಳಿನ ಗೆರೆ ಅಳಿಸಿಹೋಗಿ
ರೇಷನ್ ಅಂಗಡಿ ಮಿಷನ್ನು ಅವಳನ್ನ ಗುರ್ತೇ ಹಿಡಿಯಲ್ಲ.
ನಿಲ್ಲಿಸ್ತೀನಿ ಅಂದ್ರೆ, ನಾನು ಯಾರನ್ನ ನಿಲ್ಲಿಸ್ತೀನಿ?"
ಸಾಲು ತಿದ್ದಿದೆ: "ಹೊಗೆ ಕಡಿಮೆ ಮಾಡಿಸುತ್ತೇನೆ."
ಇಬ್ಬರೂ ಮಂಡಕ್ಕಿ ತಿಂದೆವು.
ಕೀಬೋರ್ಡಿನ ಸಂದಿಯಲ್ಲಿ ನಾಲ್ಕು ಕಾಳು ಇವತ್ತಿಗೂ ಇವೆ.

ಮೂರನೆಯ ಸಲ ಬಂದವಳು ಕೂರಲಿಲ್ಲ.
ರಿಟೈರ್ಡ್ ಕಂಡಕ್ಟರ್ ರೇವಣಸಿದ್ದಪ್ಪ
ಮಹಡಿಗೆ ಕರೆದೊಯ್ದು ಒಣಹಾಕಿದ ಪಂಚೆ ತೋರಿಸಿದನಂತೆ.
ಟೈರು ಸುಟ್ಟರೆ ಅವನಿಗೆ ವಾಸನೆಯಲ್ಲೇ ಗೊತ್ತು,
ಮೂವತ್ತು ವರ್ಷ ಅದರ ಮೇಲೆ ಕೂತು ಓಡಾಡಿದವನು.
ಹತ್ತಿ ಮಿಲ್ಲಿನ ಚಿಮಣಿ ತಣ್ಣಗಾಗಿ ಎಷ್ಟು ಕಾಲವಾಯಿತು,
ದಾವಣಗೆರೆಯ ಹೊಗೆಗೆ ಮಾತ್ರ ರಿಟೈರ್‌ಮೆಂಟಿಲ್ಲ ಅಂದನಂತೆ.
ಒಳಗೆ ಮೊಮ್ಮಗಳು,
ಮೂಗು ಬಾಯಿಗೆ ಪ್ಲಾಸ್ಟಿಕ್ ಮುಖವಾಡ, ಗುರ್ರೆನ್ನುವ ಡಬ್ಬಿ.
"ಕಡಿಮೆ ಅಂದ್ರೆ ಎಷ್ಟಮ್ಮ? ಸೇರಿನಲ್ಲಿ ಅಳೆದು ಹೇಳು."

ಸೆರಗಿಂದ ಮುಖ ಒರೆಸಿಕೊಂಡಳು.
ಹಿಟ್ಟಿಗೆ ಮಸಿ ಕಲೆತು ಸೆರಗು ಬೂದಿಯಾಯಿತು.

ನನಗೆ ಬೇರೆ ಪಾರ್ಟಿಗಳ ಆರ್ಡರೂ ಇದ್ದವು.
ಅವುಗಳಲ್ಲಿ ಹೊಗೆಯೇ ಇರಲಿಲ್ಲ:
ನಾಲ್ಕು ಬಣ್ಣ, ಆರ್ಟ್ ಪೇಪರು,
ನಗುವ ಹಲ್ಲು, ಮುಂಗಡ ಹಣ.
"ತೆಗೆದುಬಿಡಲೇ? ಒಂಬತ್ತು ಸಾಕು, ಯಾರು ಎಣಿಸ್ತಾರೆ."

ಮಿಣುಕುವ ಕರ್ಸರನ್ನೇ ನೋಡುತ್ತ ನಿಂತಳು,
ಆಮೇಲೆ ನಿಧಾನಕ್ಕೆ, ಕಾಗದ ಬರೆಸುವವಳ ಹಾಗೆ:
"ಟೈರು ಬ್ಯಾಡ, ಹೊಟ್ಟು ಉರಿಸಿ ಅಂತ ಭಟ್ಟಿಗೆ ಹೇಳಿಬಂದೀನಿ.
ಹೊಟ್ಟಿಗೆ ದುಡ್ಡು ಜಾಸ್ತಿ.
ಆ ಜಾಸ್ತಿ ಯಾರು ಕೊಡಬೇಕು, ನಂಗಿನ್ನೂ ಗೊತ್ತಿಲ್ಲ.
ಗೊತ್ತಿರೋರು ಗಿರಣಿಗೆ ಬನ್ನಿ."

ಇದನ್ನು ಹಾಕಿದರೆ ಸೋಲ್ತೀರಿ ಎಂದೆ.
"ಗಿರಣಿ ಹೆಂಗೂ ಏಳಕ್ಕೆ ತೆಗೀತೈತೆ" ಎಂದಳು.

ಸಾವಿರ ಪ್ರತಿ, ಹಳದಿ ಕಾಗದ, ಒಂದೇ ಬಣ್ಣ.
ಕೆಳಗೆ ಕಾನೂನಿನಂತೆ ಮುದ್ರಕನ ಹೆಸರು, ನನ್ನದು.
ಹಳೇ ಮಿಷನ್ನಿನ ಶಾಯಿ ಬೇಗ ಆರುವುದಿಲ್ಲ,
ಮಹಡಿಯಲ್ಲಿ ಹರಡಿ ಕಲ್ಲು ಹೇರಿದ್ದೆ.
ಬೆಳಿಗ್ಗೆ ನೋಡಿದರೆ ಹಾಳೆ ಹಾಳೆಗೂ
ನಾನು ಕೊಡದ ಪೂರ್ಣವಿರಾಮಗಳು,
ಫ್ಯಾನಿನ ಮೇಲೆ, ನೀರಿನ ಸಾಲಿನ ನಡುವೆ,
ನನ್ನ ಹೆಸರಿನ ಕೊಂಬಿನ ಮೇಲೂ.
ಊದಿದೆ, ಹೋಗಲಿಲ್ಲ. ಒರೆಸಿದರೆ ಗೆರೆಯಾಗುತ್ತದೆ.
ಹಾಗೇ ಕಟ್ಟಿ ಕೊಟ್ಟೆ. ಬಿಲ್ಲಿನಲ್ಲಿ ಐವತ್ತು ಬಿಟ್ಟೆ,
ಅವಳು ಬಿಡಲಿಲ್ಲ.

ನನ್ನ ಓಟು ಆ ವಾರ್ಡಿನಲ್ಲಿಲ್ಲ.
ಆದರೂ ಮನೆಯ ಜೋಳವನ್ನು ಈಗ ಅಲ್ಲಿಗೇ ಒಯ್ಯುತ್ತೇನೆ.
ಡಬ್ಬಿಗಳ ಸಾಲಿನಲ್ಲಿ ಯಾರೋ ಹೊಟ್ಟಿನ ರೇಟು ಹೇಳುತ್ತಾರೆ,
ಕಲ್ಲಿನ ಸದ್ದಿಗೆ ಅರ್ಧ ಕೇಳುತ್ತದೆ, ಇನ್ನೊಮ್ಮೆ ಕೂಗುತ್ತಾರೆ.
ಕೆಲವರು ಸುಮ್ಮನೆ
ಬೀಸಿಸಿಕೊಂಡು ಹೋಗುತ್ತಾರೆ.