ಗೋಡೆಯ ಪಾಲು

ಹಡರ್ಸ್‌ಫೀಲ್ಡಿನ ಏರುಬೀದಿ, ಹೊಗೆ ಕುಡಿದ ಕಲ್ಲಿನ ಸಾಲುಮನೆ.
ಡ್ಯೂಸ್‌ಬರಿಯಲ್ಲಿ ಬಾಗಿಲು ಹಾಕಿದ ಚಿತ್ರಮಂದಿರದ
ಪರದೆಯ ಹಿಂದೆ ನಲವತ್ತು ವರ್ಷ ನಿಂತಿದ್ದ ಎರಡು ಹಾರ್ನು
ಈಗ ನನ್ನ ಹಜಾರದಲ್ಲಿ.
ಸೋಫಾ ಮಾರಿ ಜಾಗ ಮಾಡಿದೆ.
ಮನೆಯವಳು ಕೇಳಿದಳು: ಕೊಂಬು ಬಂದದ್ದು
ಸ್ಪೀಕರಿಗೋ, ನಿಮಗೋ?

ಲಿಫ್ಟು ರಿಪೇರಿಯಲ್ಲಿ ಬದುಕಿದವನು,
ತೂಕಕ್ಕೆ ಎದುರುತೂಕ ಕಟ್ಟುವುದು ಗೊತ್ತು.
ಹಾರ್ನಿಗೆ ಎಂಟೇ ವ್ಯಾಟಿನ ವಾಲ್ವು ಆಂಪ್ಲಿಫೈಯರು,
ಪಿಸುಗುಟ್ಟಿದರೂ ಊರಿಗೆ ಕೇಳುವ ಬಾಯಿ ಅದು,
ಹೆಚ್ಚು ಉಣಿಸಬಾರದು.
ಕೆಳಗಿನ ಹದಿನೈದಿಂಚಿಗೆ ಇನ್ನೂರು ವ್ಯಾಟಿನ ಕಬ್ಬಿಣದ ಪೆಟ್ಟಿಗೆ.
ಹಾರ್ನಿನ ಗಂಟಲು ಎರಡಡಿ ಒಳಗೆ; ಮಾತು ಹೊರಡುವಷ್ಟರಲ್ಲಿ
ಕೆಳಗಿನವನು ಉತ್ತರ ಕೊಟ್ಟು ಮುಗಿಸಿರುತ್ತಾನೆ.
ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು,
ಮೂಲೆಯ ಸಬ್‌ವೂಫರು ಮಲಗಿ ಮೆಲುಕು ಹಾಕಿತು.

ಅದನ್ನೆತ್ತಿ ನನ್ನ ಕುರ್ಚಿಯ ಮೇಲೆ ಕೂರಿಸಿ
ಒಂದೇ ಸ್ವರ ಬಿಟ್ಟು, ಅರವತ್ತಮೂರರ ನಾನು
ಗೋಡೆಯುದ್ದಕ್ಕೂ ಅಂಬೆಗಾಲಿಟ್ಟೆ, ಕಿವಿ ನೆಲಕ್ಕೆ.
ಕಿಟಕಿಯ ಕೆಳಗೆ ಪ್ರವಾಹ, ಎರಡು ಮೊಳದಾಚೆ ಬರ.
ಒಲೆಗೂಡಿನ ಪಕ್ಕ, ಅಂತೂ, ಹದ.

ಆಮೇಲೆ ಫೇಸು. ತಂತಿಯನ್ನು ಬೇಕೆಂದೇ ಅದಲುಬದಲು ಮಾಡಿ
ಗುಂಡಿ ತಿರುವಬೇಕು, ಕೂದಲೆಳೆಯಷ್ಟು,
ಮತ್ತೆ ಕೂದಲೆಳೆಯಷ್ಟು,
ಎರಡೂ ಹಾಡುತ್ತಿರುವಾಗಲೇ ಕೋಣೆ ಮೂಕವಾಗುವ ತನಕ.
ಎಲ್ಲಿ ಒಂದನ್ನೊಂದು ಪೂರ್ತಿ ಅಳಿಸುತ್ತವೋ
ಅಲ್ಲೇ ನಿಲ್ಲಿಸಿ ತಂತಿ ಸರಿಮಾಡು: ಕೂಡುವುದೂ ಅಲ್ಲೇ.
ಮೂವತ್ತೆರಡು ವರ್ಷ ಸಂಸಾರ ಮಾಡಿದವನು
ಇದನ್ನು ಕೈಪಿಡಿಯಲ್ಲಿ ಓದಬೇಕಾಗಿರಲಿಲ್ಲ.

ಬಾಗಿಲು ಬಡಿದವರು ಪಕ್ಕದ ಮಾವಿಸ್ ಹೋಲ್ರಾಯ್ಡ್,
ಎಂಬತ್ತೊಂದು, ಮನೆಚಪ್ಪಲಿಯಲ್ಲೇ, ಕೈಯಲ್ಲಿ ಚಹಾದ ಬಟ್ಟಲು.
"ಇವನು ನಡುಗುತ್ತಾನೆ, ಮೂರನೆಯವನು. ಉಳಿದವರು ಸುಮ್ಮನಿದ್ದಾರೆ."
ಕ್ಷಮೆ ಕೇಳಹೊರಟೆ. ಅವರು ನನ್ನ ತುಟಿ ನೋಡುತ್ತಿದ್ದರು.
ಹದಿನೈದರಿಂದ ಉಣ್ಣೆಯ ಗಿರಣಿ, ಮಗ್ಗಗಳ ನಡುವೆ;
ಮೇಲಿನ ಸ್ವರವನ್ನೆಲ್ಲ ಲಾಳಿ ಒಯ್ದಿತಂತೆ,
ಹಕ್ಕಿ, ಕೆಟಲಿನ ಸಿಳ್ಳೆ, ಮೊಮ್ಮಗಳ ಸಕಾರ.
ಉಳಿದದ್ದು ಗುಡುಗು, ಲಾರಿ,
ಈಗ ನಾನು.

ಗೋಡೆಯೂ ಒಂದು ಕ್ರಾಸೋವರು ಎಂದು ಆಗ ಹೊಳೆಯಿತು.
ಹಾರ್ನಿನದೆಲ್ಲ ನನ್ನ ಕಡೆ ಉಳಿಸಿಕೊಂಡು
ತಳದ್ದನ್ನು ಸೋಸಿ ಅವರಿಗೆ ಕಳಿಸುತ್ತಿತ್ತು ದಿನವೂ.
ನನ್ನ ಮೈಕು ನನ್ನ ಕುರ್ಚಿಯಲ್ಲಿ ಕೂತು
ಎಲ್ಲ ಸರಿಯಿದೆಯೆಂದು ಗೆರೆ ಎಳೆದಿತ್ತು.

ಶನಿವಾರ ಸಂಜೆಗೆ ನಮ್ಮದೊಂದು ಕರಾರು ಈಗ.
ಗೋಡೆಗೆ ಒಂದು ಗುದ್ದು: ಇಳಿಸು. ಎರಡು: ಇರಲಿ.
ನಲವತ್ತೊಂದು ಹರ್ಟ್ಸಿನಲ್ಲಿ ಹಳ್ಳ ತೋಡಿದ್ದೇನೆ,
ಆ ಬಟ್ಟಲು ಕೂರುವಷ್ಟೇ ಅಗಲ.

ಕಳೆದ ವಾರ ಒಳಗೇ ಬಂದರು. ಕುರ್ಚಿ ಬಿಟ್ಟುಕೊಟ್ಟೆ.
ಘಟದ ತಟ್ಟೆ ಹಾಕಿದೆ, ಹೊಟ್ಟೆಗೆ ಒತ್ತಿ ಬಿಟ್ಟಾಗ ಏಳುತ್ತದಲ್ಲ,
ಆ ಗುಂ ಇರುವುದು.
ಹಾರ್ನನ್ನೇ ದಿಟ್ಟಿಸುತ್ತ ಕೂತಿದ್ದರು ಬಹಳ ಹೊತ್ತು.
"ಇಷ್ಟು ದೊಡ್ಡ ಬಾಯಿ," ಅಂದರು,
"ತುಟಿಯೇ ಅಲುಗಿಸುವುದಿಲ್ಲ."
ಆಮೇಲೆ ಚಪ್ಪಲಿ ಕಳಚಿ ಪಾದ ನೆಲಕ್ಕೂರಿದರು.
ನಾನು ಆ ಹಳ್ಳವನ್ನು ಮೆಲ್ಲಗೆ ಮುಚ್ಚಿದೆ.
ಅತ್ತ ಖಾಲಿ ಮನೆಯಲ್ಲಿ ಮೂರನೆಯವನು ನಡುಗಿರಬೇಕು,
ಇಬ್ಬರೂ ಕೇಳಿಸಿಕೊಳ್ಳಲಿಲ್ಲ.