ಹತ್ತು ಗ್ರಾಮಿನ ನೂಲು

ಕಂಕನಾಡಿಯ ಪಾದದ ಡಾಕ್ಟರಮ್ಮನ ಕೋಣೆಗೆ ತಾಗಿ
ನನ್ನದೊಂದು ಅರ್ಧ ಶಟರಿನ ಅಂಗಡಿ.
ಚಪ್ಪಲಿ ಹೊಲಿಯುತ್ತೇನೆ. ಹಂಪನಕಟ್ಟೆಯಲ್ಲಿ ಸಿಗುವಂಥದ್ದಲ್ಲ,
ಅವರು ಚೀಟಿ ಬರೆದ ಮೇಲೆ ಹೊಲಿಯುವಂಥದ್ದು.
ಅಂಗಾಲಿಗೆ ಶಾಯಿ ಸವರಿ ಕಾಗದದ ಮೇಲೆ ನಿಲ್ಲಿಸುತ್ತೇನೆ.
ಮುಖ ನೋಡುವುದು ಆಮೇಲೆ, ಚಿಲ್ಲರೆ ಕೊಡುವಾಗ.

ಊರು ನನಗೆ ಕೆಳಗಿನಿಂದ ಪರಿಚಯ.
ತಲಪಾಡಿ ಬಸ್ಸಿನ ಯೋಗೀಶ, ಬಸ್ಸು ನಿಲ್ಲುವ ಮೊದಲೇ ಹಾರುವವ,
ಹರಡು ಮೂರು ಸಲ ಉಳುಕಿದೆ;
ಪಟ್ಟಿ ಬಿಗಿದು ಕಳಿಸಿದರೆ ಮರುದಿನವೇ "ರೈಟ್, ಪೋಯಿ!"
ಬೀಡಿ ಕಟ್ಟುವ ಹೇಮಾವತಿಗೆ
ಚಕ್ಕಳಮಕ್ಕಳ ಕೂತು ಕೂತು ಹರಡಿನ ಹೊರಗೆ ಅಡಿಕೆಯಷ್ಟು ಗಂಟು.
ಮೊಯ್ದಿನಬ್ಬ ಬ್ಯಾರಿಗಳು ಎಡಗಾಲು ಮುಂದೆ ಚಾಚಿ ಅಂದರು:
"ಈ ಕಪ್ಪು ನಮಾಜಿಗೆ ಕೂತದ್ದರದ್ದು, ಅದು ಇರಲಿ ಡಾಕ್ಟ್ರೇ.
ಅದರ ಪಕ್ಕದ ನೋವನ್ನು ಮಾತ್ರ ತೆಗೆಯಿರಿ."
ನರ್ಸ್ ಫ್ಲೋಸಿ ಬಾಯಿಗೆ ಬೆಳಗಿನ ಮೊದಲ ಹೆಜ್ಜೆಗೆ
ಹಿಮ್ಮಡಿಯಲ್ಲಿ ಮೊಳೆ,
ನಾಲ್ಕನೆಯ ಹೆಜ್ಜೆಗೆ ಮರೆತೇಹೋಗುತ್ತದಂತೆ.

ಇವರೆಲ್ಲ ಅಯ್ಯೋ ಅನ್ನುವವರು.
ಅಯ್ಯೋ ಅನ್ನುವ ಕಾಲಿಗೆ ಡಾಕ್ಟರಮ್ಮ ಹೆದರುವುದಿಲ್ಲ.

ಬೆಂಗ್ರೆಯಿಂದ ದೋಣಿ ದಾಟಿ ಬಂದ ರುಕ್ಕು ಮೆಂಡನ್ ಅನ್ನಲಿಲ್ಲ.
"ನನಗೇನೂ ಇಲ್ಲ, ಇವಳದ್ದೇ ಗಲಾಟೆ" ಎಂದು ಸೊಸೆಯನ್ನು ತೋರಿಸಿದಳು.
ಸೊಸೆ ಕಂಡದ್ದು ನೆಲದಲ್ಲಿ ಹೆಜ್ಜೆಯಷ್ಟಗಲ ರಕ್ತ,
ಅಡುಗೆಮನೆಯಿಂದ ಬಚ್ಚಲವರೆಗೆ, ಒಂದೇ ಕಾಲಿನದ್ದು.
ಹೆಬ್ಬೆರಳ ಬುಡದಿಂದ ಚಿಮಟದಲ್ಲಿ ಬಂದದ್ದು
ತೇಡೆ ಮೀನಿನ ಮುಳ್ಳು.
ಕುತ್ತಿದರೆ ಬೋಟಿನ ಗಂಡಸರೂ ಅಳುವ ಮುಳ್ಳು ಅದು.
ಮೂರು ದಿನ ಅದರ ಮೇಲೆಯೇ ನಿಂತು ಅವಳು
ಧಕ್ಕೆಯಲ್ಲಿ ಮೀನು ಮಾರಿದ್ದಾಳೆ.

ಸಕ್ಕರೆ ಎಷ್ಟು ವರ್ಷದಿಂದ?
"ಯಾರಿಗೆ ಗೊತ್ತು! ಚಾಯಕ್ಕೆ ಒಂದೇ ಚಮಚ."

ಡಾಕ್ಟರಮ್ಮ ನೈಲಾನ್ ನೂಲಿನ ತುಂಡು ತೆಗೆದರು.
ಹತ್ತು ಗ್ರಾಂ ಭಾರಕ್ಕೆ ಬಾಗುತ್ತದೆ, ಅಷ್ಟೇ ಅದರ ವಿದ್ಯೆ.
"ಕಣ್ಣು ಮುಚ್ಚಿ ರುಕ್ಕಕ್ಕ. ತಾಗಿದಾಗ ಹೇಳಿ."
ಹಿಮ್ಮಡಿ. "ಅಂದ್."
ತುಳುವಿನ ಅಂದ್, ಅಂದರೆ ಹೌದು.
ಕಿರುಬೆರಳು. "ಅಂದ್."
ನಡುವಿನ ಕಮಾನು. "ಅಂದ್, ಅಂದ್."
ಡಾಕ್ಟರಮ್ಮ ನೂಲನ್ನು ಗಾಳಿಯಲ್ಲೇ ಹಿಡಿದು ಕಾದರು.
ಫ್ಯಾನು ಒಂದು ಸುತ್ತು, ಎರಡು ಸುತ್ತು.
"ಅಂದ್" ಎಂದಳು ರುಕ್ಕಕ್ಕ.

ನಾನು ಅಳತೆ ಕಾಗದ ಹಿಡಿದು ಬಾಗಿಲಲ್ಲಿದ್ದೆ.
ಸೊಸೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.
ಮೌನ ಉದ್ದವಾದದ್ದಕ್ಕೆ ಒಂದು ಕಣ್ಣು ತೆರೆದು ಮುದುಕಿ
ನೂಲನ್ನು ಕಸಿದುಕೊಂಡಳು:
"ಇದು ನಮ್ಮ ಬಲೆಯ ನೂಲಲ್ಲವಾ ಮಾರಾಯ್ತಿ!
ಏಳು ವರ್ಷಕ್ಕೆ ಗಂಟು ಹಾಕಲು ಕಲಿತವಳು ನಾನು,
ಕತ್ತಲೆಯಲ್ಲಿ ಹರಿದ ಕಣ್ಣು ಎಣಿಸಿದವಳು.
ನನಗೆ ಗೊತ್ತಾಗದಾ?"
ಅಂಗೈಗೆ ಮುಟ್ಟಿಸಿಕೊಂಡಳು. ಕಚಗುಳಿಯಾಗಿ ನಕ್ಕಳು.
ಕಾಲಿಗೆ ಮುಟ್ಟಿಸಿದಳು. ಇನ್ನೊಮ್ಮೆ. ಒತ್ತಿದಳು.
ನೂಲು ಬಿಲ್ಲಿನಂತೆ ಬಾಗಿತು.
ಆಮೇಲೆ ಅವಳು ಏನೂ ಹೇಳಲಿಲ್ಲ.

ದಿನಾ ರಾತ್ರಿ ಅಂಗಾಲಿಗೆ ಕನ್ನಡಿ ಹಿಡಿಯಬೇಕು ಎಂದರು ಡಾಕ್ಟರಮ್ಮ.
ಬರಿಗಾಲು ಕೂಡದು, ಮನೆಯೊಳಗೂ.
ನಾನು ಆರು ದಿನ ಕೂತು ಹೊಲಿದೆ,
ಹೆಬ್ಬೆರಳ ಕೆಳಗೆ ರಬ್ಬರು ಕೊರೆದು, ಒಳಗೆ ಮೊಳೆ ತಾಗಿಸದೆ.

ಮುಂದಿನ ಶನಿವಾರ ಬಂಗುಡೆಗೆಂದು ಧಕ್ಕೆಗೆ ಹೋದರೆ
ರುಕ್ಕಕ್ಕ ಐಸಿನ ನೀರಲ್ಲಿ ಬರಿಗಾಲಲ್ಲಿ.
ಚಪ್ಪಲಿ ಬುಟ್ಟಿಯ ಪಕ್ಕ, ಪ್ಲಾಸ್ಟಿಕ್ ಚೀಲದಲ್ಲಿ, ಬಾಯಿ ಕಟ್ಟಿ.
"ಹೊಸತಲ್ಲವಾ, ಮೀನಿನ ನೀರಿಗೆ ಹಾಳಾಗುತ್ತದೆ!"

ಚೀಲ ಬಿಚ್ಚಿ ನಾನೇ ಕುಕ್ಕರಗಾಲಲ್ಲಿ ಕೂತೆ.
ಪಾದ ಒರೆಸಿದೆ, ಬೆರಳ ಸಂದಿ ಒರೆಸಿದೆ,
ಪಟ್ಟಿ ಎಳೆದು "ಬಿಗಿ ಆಯಿತಾ?" ಎಂದೆ.
ಮೇಲೆ ಯಾರೋ ದರ ಕೇಳುತ್ತಿದ್ದರು.
"ಅಂದ್" ಎಂದಳು,
ನನಗೋ, ಅವರಿಗೋ.