ಮೊದಲ ಮೂರು ನಿಮಿಷ

ಬೆಳಗಿನ ಜಾವ ನಾಲ್ಕೂ ನಲವತ್ತು. ಗ್ಲಿವಿಟ್ಸೆಯ ಬಸ್ ಡಿಪೋ.
ಸೊನ್ನೆಗಿಂತ ಹನ್ನೊಂದು ಕೆಳಗೆ.
ಗೆರಾರ್ಡ್ ಪಿಕಾ ಕೈಗವಸನ್ನು ಹಲ್ಲಲ್ಲಿ ಕಚ್ಚಿ
ಕೀಲಿ ತಿರುಗಿಸುತ್ತಾನೆ.
ಎಂಜಿನ್ ಎರಡು ಸಲ ಕೆಮ್ಮಿ
ಮೂರನೆಯದಕ್ಕೆ ಒಪ್ಪಿಕೊಳ್ಳುತ್ತದೆ.

ಎದುರಿನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ
ಬೊಗ್ನಾ ಚಹಾ ಹಿಡಿದು ಎಣಿಸುತ್ತಾಳೆ:
ಒಂದು ನಿಮಿಷ, ಎರಡು, ಮೂರು.
(ಮೂರು ಎನ್ನುವುದು ಬಾಯಿಮಾತು. ಈ ಚಳಿಗೆ ಹತ್ತೂ ಆದೀತು.)
ಅಷ್ಟು ಹೊತ್ತೂ ಬಸ್ಸಿನ ಹೊಟ್ಟೆಯಡಿಯ ಡಬ್ಬಿಯಲ್ಲಿ
ತಾಮ್ರ ಮಲಗಿರುತ್ತದೆ.
ಬಂದ ವಿಷ ಬಂದ ಹಾಗೇ ಹೊರಗೆ,
ಟಿಕೆಟ್ ಕೇಳುವವರಿಲ್ಲದ ಪ್ರಯಾಣಿಕರಂತೆ.

ರಾತ್ರಿಪಾಳಿ ಮುಗಿಸಿದ ದಾದಿಯರಿಗೆ
ಸೀಟು ಬೆಚ್ಚಗಿರಲೆಂದು ಅವನು ಬೇಗ ಶುರು ಮಾಡುತ್ತಾನೆ.
ಹಾಗೆ ಮಾಡಬಾರದೆಂದು ಒಮ್ಮೆ ಹೇಳಿದ್ದಳು.
"ನೀವು ಆ ಸೀಟಿನಲ್ಲಿ ಕೂತು ನೋಡಿ," ಎಂದಿದ್ದ.

ಎಂಟು ವರ್ಷದಿಂದ ಅವಳ ಕೆಲಸ
ಆ ತಾಮ್ರವನ್ನು ಬೇಗ ಎಬ್ಬಿಸುವುದು.
ಜಿಯೋಲೈಟ್: ಬರಿಗಣ್ಣಿಗೆ ಮೈದಾಹಿಟ್ಟು,
ಒಳಗೆ ಕೋಣೆ, ಕೋಣೆಯ ಪಕ್ಕ ಕೋಣೆ,
ಎಂಟು ಆಮ್ಲಜನಕ ಜೋಡಿಸಿದ ಕಿರುಬಾಗಿಲು.
ತಾಮ್ರವನ್ನು ಬಿಡಿಬಿಡಿಯಾಗಿ ಕೂರಿಸಬೇಕು.
ಹೆಚ್ಚು ಸುರಿದರೆ ಬಿಸಿಗೆ ಅಂಟಿ ಉಂಡೆ;
ಹೊರಗಿನವು ದುಡಿಯುತ್ತವೆ, ಒಳಗಿನವು
ಗುಂಪಿನಲ್ಲಿ ಗೋವಿಂದ.

ಇದು ಮೊದಲೇ ಗೊತ್ತಿತ್ತು.
ತಡವಾಗಿ ತಿಳಿದದ್ದು:
ಚಳಿಯಲ್ಲಿ ಒಂಟಿ ತಾಮ್ರದಿಂದಲೂ ಏನೂ ಆಗದು.
ಗಾಳಿಯ ಆಮ್ಲಜನಕದ ಜೋಡಿಯನ್ನು ಬಿಡಿಸಲು
ಪಕ್ಕದ ಕೋಣೆಯಿಂದ ಇನ್ನೊಂದು ಬರಬೇಕು;
ಒಂದೇ ಕೈಯಲ್ಲಿ ಚಪ್ಪಾಳೆಯೇ?
ಅಮೋನಿಯಾ ತೋಳು ಹಿಡಿದರೆ
ತಾಮ್ರ ಗೋಡೆ ಬಿಟ್ಟೇಳುತ್ತದೆ, ಹೊಸಿಲು ದಾಟುತ್ತದೆ,
ಆದರೆ ಕಟ್ಟಿದ ಕರು, ಹಗ್ಗ ಇದ್ದಷ್ಟೇ ದೂರ.
ಹಗ್ಗ ಕಾಣದ್ದು. ಗೂಟ, ಅಲ್ಯೂಮಿನಿಯಂ.

"ಗೂಟಗಳನ್ನೇ ಹತ್ತಿರ ನೆಟ್ಟರೆ?"
"ಉಗಿ ತಾಕಿದರೆ ಗೋಡೆಯೇ ಕುಸಿಯುತ್ತದೆ,"
ಕನ್ನಡಕ ಒರೆಸುತ್ತ ಹೇಳಿದರು ಪ್ರೊಫೆಸರ್ ಜಿಗ್‌ಫ್ರಿಡ್.
ಕುಸಿಯಿತು. ಇಪ್ಪತ್ತಮೂರು ಸಲ
ಎಂಟುನೂರು ಡಿಗ್ರಿಯ ಕುಲುಮೆಯಿಂದ
ಅವಳು ತೆಗೆದದ್ದು ಸತ್ತ ಹಿಟ್ಟು.
ಒಂದು ಸಲ ಅತ್ತಳು, ಒಂದು ಸಲ ಕೆಲಸ ಬಿಡುವ ಪತ್ರ ಬರೆದಳು,
ಪ್ರಿಂಟರಿನಲ್ಲಿ ಶಾಯಿ ಇರಲಿಲ್ಲ.

ಇಪ್ಪತ್ತನಾಲ್ಕನೆಯದು ನಿಂತಿತು.
ಏಕೆ ನಿಂತಿತೆಂದು ಇನ್ನೂ ತಿಳಿದಿಲ್ಲ.
ನೂರೈವತ್ತು ಡಿಗ್ರಿಯಲ್ಲಿ
ಮೂವತ್ತೊಂದು ಇದ್ದದ್ದು ಮೂವತ್ತೆಂಟು.
ನೂರಕ್ಕೆ ಏಳು ಹೆಚ್ಚು. ಅಷ್ಟೇ.
ಉಳಿದದ್ದು ಬರೀ ಸಾರಜನಕ ಮತ್ತು ನೀರು,
ಗಾಜಿನ ನಳಿಕೆಯ ತುದಿಯಲ್ಲಿ ಒಂದು ಹನಿ,
ಬೆರಳಲ್ಲಿ ಒರೆಸಿ ನೋಡಿದಳು. ನೀರೇ.

ಮರುದಿನ ಮತ್ತೆ ನಾಲ್ಕೂ ನಲವತ್ತು.
ಅದೇ ಹಳೆಯ ಬಸ್ಸು, ಅದರಡಿ ಅದೇ ಹಳೆಯ ಡಬ್ಬಿ;
ಹೊಸದು ಇಲ್ಲಿಗೆ ಬರಲು ಇನ್ನೆಷ್ಟು ಚಳಿಗಾಲವೋ.
ದಾದಿಯರು ಕಾಲು ಕುಟ್ಟುತ್ತ ಹತ್ತಿದರು.
ಗೆರಾರ್ಡ್ ಕನ್ನಡಿಯ ಹಿಮ ಕೆರೆದ.
ಬೊಗ್ನಾ ಕಿಟಕಿಗೆ ಹಣೆ ಒತ್ತಿ
ತನ್ನ ಭಾಷೆಯಲ್ಲಿ ಒಂದು ಸಂಖ್ಯೆ ಹೇಳಿದಳು.

ಗಾಜು ಮಬ್ಬಾಯಿತು.
ನನ್ನ ಭಾಷೆಯಲ್ಲಿ ಅದು ಹೀಗೆ ಕೇಳಿಸುತ್ತದೆ:
ಏಳು.